ಕೊನೆಯ ಬರಹ ಇನ್ನೂ ಮುಂದಿದೆ

ಮೊನ್ನೆ ರವಿಕೆಯ ಹುಕ್ಕೊಂದು ಕಿತ್ತು ಬಂತೆಂದು ಹೊಲಿಗೆಯ ಡಬ್ಬಿ ತೆಗೆದೆ. ಅದು ಒಂದು ಕಾಲಕ್ಕೆ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಸೂಜಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದಾಗ ಬಿಲ್ಲೆಯಂಥದೊಂದು ಉರುಳಿಕೊಂಡು ಹೋಗಿ ಮಂಚದ ಕೆಳಗೆ ಸೇರಿತು. ಮೊಣಕಾಲೂರಿ, ಸೊಂಟ ಹಿಡಿದುಕೊಂಡು, ಪೊರಕೆಯಿಂದ ಎಳೆದು ನೋಡಿದರೆ ಬಟನ್ ಸೆಲ್ಲು. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು, ಮೆಷಿನ್ನು ಆಫ್ ಆಗಿದ್ದಾಗಲೂ ಅದರ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವ ಸೆಲ್ಲು. ನಾನು ಅದನ್ನು ಬಿಸಾಡುವುದಿಲ್ಲ, ಯಾವುದಕ್ಕೂ ಹಾಕುವುದೂ ಇಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿಬಳಸಿ ಬರಬೇಕಾಗುತ್ತದೆ. ನಿಮಗೇನೂ ಅವಸರವಿಲ್ಲ ಎಂದುಕೊಳ್ಳುತ್ತೇನೆ.

ಗಡಿಯಾರದ ವಿಷಯದಲ್ಲಿ ನಾನು ಬೆಳೆದದ್ದೇ ಸುಳ್ಳಿನ ಮನೆಯಲ್ಲಿ. ಅಪ್ಪ ರೈಲ್ವೆಯವರು. ಧಾರವಾಡದಿಂದ ವರ್ಗವಾಗಿ ಬಂದು ಕೊಲ್ಕತ್ತಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬಿಡಾರ ಹೂಡಿದವರು, ಮತ್ತೆ ಅಲ್ಲಿಂದ ಕದಲಲಿಲ್ಲ. ನಮ್ಮ ಮನೆಯ ಗೋಡೆ ಗಡಿಯಾರವನ್ನು ಅವರು ಸದಾ ಹತ್ತು ನಿಮಿಷ ಮುಂದೆ ಇಡುತ್ತಿದ್ದರು. "ತಡಾ ಆಗಬಾರದು ನೋಡವಾ" ಎನ್ನುವುದು ಅವರ ತರ್ಕ. ಆದರೆ ಹತ್ತು ನಿಮಿಷ ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತಿದ್ದರಿಂದ ಎಲ್ಲರೂ ಹತ್ತು ಕಳೆದೇ ಓದುತ್ತಿದ್ದೆವು. ಹೀಗಾಗಿ ಗಡಿಯಾರವೂ ತಪ್ಪಾಗಿತ್ತು, ನಮಗೆ ತಡವೂ ಆಗುತ್ತಿತ್ತು. ಒಮ್ಮೆ, ನಾವು ಮಾಶಿಮಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಬಂಗಾಳಿ ಚಿಕ್ಕಮ್ಮನ ಅಣ್ಣನ ಮಗ, ರೈಲ್ವೆಯವರ ಮನೆಯ ಗಡಿಯಾರ ಎಂಬ ಭಕ್ತಿಯಿಂದ ತನ್ನ ಕೈಗಡಿಯಾರವನ್ನು ನಮ್ಮದಕ್ಕೆ ಹೊಂದಿಸಿಕೊಂಡು ಊರಿಗೆ ಹೊರಟ. ತಿರುಗಿ ಬಂದವನು ರೈಲು ಹತ್ತು ನಿಮಿಷ ತಡವಾಗಿ ಬಿಟ್ಟಿತೆಂದು ಅಪ್ಪನ ಹತ್ತಿರ ದೂರಿದ. ಅಪ್ಪ ಗಡಿಯಾರದ ಗುಟ್ಟು ಬಿಟ್ಟುಕೊಡಲಿಲ್ಲ. ಭಾರತೀಯ ರೈಲ್ವೆಯ ಪರವಾಗಿ ಕ್ಷಮೆ ಕೇಳಿ, ಚಹಾ ಕುಡಿಸಿ ಕಳಿಸಿದರು.

ನಗುವುದೇನೋ ಸರಿ, ಆದರೆ ಆ ಹತ್ತು ನಿಮಿಷಕ್ಕೆ ನಾನು ಹೆದರುತ್ತಿದ್ದೆ. ಮಧ್ಯಾಹ್ನ ಅಮ್ಮ ಮಲಗಿರುವಾಗ ಕರೆಂಟು ಹೋಗುತ್ತಿತ್ತು. ಫ್ಯಾನು ನಿಂತ ಮೇಲೆ ಗಡಿಯಾರದ ಸದ್ದೊಂದೇ. ನಾವಿನ್ನೂ ಇಲ್ಲಿದ್ದೇವೆ, ಅದು ಆಗಲೇ ಅಲ್ಲಿಗೆ ಹೋಗಿ ಮುಟ್ಟಿದೆ. ಅಲ್ಲಿ ಯಾರಿದ್ದಾರೆ, ಏನಾಗಿದೆ ಎನ್ನುವುದನ್ನು ನೋಡಿಯೂ ನಮಗೆ ಹೇಳುತ್ತಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಕರೆಂಟು ಬಂದಾಗ ಇಡೀ ಪಾಡಾ, ಎಂದರೆ ನಮ್ಮ ಕೇರಿಯ ಎಲ್ಲ ಮನೆಗಳವರೂ, ಒಟ್ಟಿಗೇ "ಹೋ" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದ ಮೇಲೆಯೇ ನಾನು ಅಮ್ಮನ ಸೆರಗು ಬಿಡುತ್ತಿದ್ದದ್ದು.

ಇಂಥ ಪುಕ್ಕಲಿ ಮುಂದೆ ಅದೇ ಊರಿನ ಸಾಲ್ಟ್ ಲೇಕಿನ ಕಂಪನಿಯೊಂದರಲ್ಲಿ ಲಿನಕ್ಸ್ ರಿಪೇರಿಯವಳಾದಳು. ಐಟಿ ಎಂದರೆ ಊರಿಗೆ ಊರೇ ಕುಣಿಯುತ್ತಿದ್ದ ವರ್ಷಗಳವು. ಕನ್ನಡ ಸಂಘದಲ್ಲಿ ನನ್ನನ್ನು "ನಮ್ಮ ಕಂಪ್ಯೂಟರ್ ಹುಡುಗಿ" ಎಂದು ಪರಿಚಯಿಸಿ, ಆಮೇಲೆ ಕೆಟ್ಟ ಮಿಕ್ಸಿಯನ್ನು ಕೈಗೆ ಕೊಡುತ್ತಿದ್ದರು. ಲಿನಕ್ಸ್ ಎಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಅದನ್ನು ಕಟ್ಟಿದ ಪುಣ್ಯಾತ್ಮರು ಯಾವ ಸ್ಮಶಾನದ ಪಕ್ಕ ಕೂತು ಕಟ್ಟಿದರೋ, ಅದರ ಭಾಷೆಯೇ ವಿಚಿತ್ರ. ಕಣ್ಣಿಗೆ ಕಾಣದೆ ಹಿಂದೆ ನಿಂತು ಕೆಲಸ ಮಾಡುವುದಕ್ಕೆ ಡೀಮನ್, ಎಂದರೆ ಭೂತ, ಎಂದು ಹೆಸರು. ಕೆಲಸವೊಂದು ಸತ್ತ ಮೇಲೆ ಅದನ್ನು ಹುಟ್ಟಿಸಿದ ಕೆಲಸ ಬಂದು "ಸರಿ, ನೋಡಿದೆ" ಎಂದು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಸತ್ತದ್ದು ಜೋಂಬಿ, ಎಂದರೆ ನಡೆದಾಡುವ ಹೆಣ, ಎಂಬ ಹೆಸರಿನಲ್ಲಿ ಪಟ್ಟಿಯಲ್ಲೇ ಉಳಿದುಕೊಳ್ಳುತ್ತದೆ. ಹಗಲೆಲ್ಲ ಇವುಗಳ ನಡುವೆ ಧೈರ್ಯವಾಗಿ ಓಡಾಡಿ, ಸಂಜೆ ಫ್ಲ್ಯಾಟಿನ ಮೆಟ್ಟಿಲ ದೀಪ ಹೋಗಿದ್ದರೆ ಕೆಳಗೇ ನಿಂತು ಯಾರಾದರೂ ಮೇಲೆ ಹೋಗುವವರು ಬರಲಿ ಎಂದು ಕಾಯುತ್ತಿದ್ದೆ.

ಸಂಘದಲ್ಲಿ ಲಿನಕ್ಸ್ ಇಟ್ಟುಕೊಂಡಿದ್ದವರು ಒಬ್ಬರೇ, ಗಣಪಯ್ಯನವರು. ಕುಂದಾಪುರದ ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾಗಿ ಸಾಲ್ಟ್ ಲೇಕಿನಲ್ಲೇ ಉಳಿದಿದ್ದರು. ಮಕ್ಕಳಿರಲಿಲ್ಲ. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ತಾವೇ ಲಿನಕ್ಸ್ ಹಾಕಿಕೊಂಡಿದ್ದರು. ಅವರ ಹೆಂಡತಿ ವಾರಿಜಕ್ಕನಿಗೆ ಇಸ್ಪೀಟಾಡಲು ಅದೇ ಮೆಷಿನ್ನಿನಲ್ಲಿ ವಿಂಡೋಸೂ ಇತ್ತು. ಗಣಪಯ್ಯನವರು ಫೋನು ಮಾಡಿ ತೆರೆಯ ಮೇಲೆ ಬಂದ ತಕರಾರನ್ನು ತಾಳಮದ್ದಳೆಯ ಅರ್ಥ ಹೇಳುವವರ ದನಿಯಲ್ಲಿ ಓದುತ್ತಿದ್ದರು. "ನೋಡು ಮಾರಾಯ್ತಿ, ಪರ್ಮಿಷನ್ ಡಿನೈಡ್ ಅಂತ ಹೇಳ್ತದೆ. ನನ್ನ ಮನೆ, ನನ್ನ ಕುರ್ಚಿ, ನನ್ನ ಕರೆಂಟು. ಅನುಮತಿ ಇಲ್ಲ ಅಂತ ಹೇಳ್ಲಿಕ್ಕೆ ಇದು ಯಾರು?" ಉತ್ತರ ಹೇಳುವ ಮೊದಲು ನಾನು ಫೋನು ಮುಚ್ಚಿಕೊಂಡು ನಕ್ಕು ಮುಗಿಸಬೇಕಾಗುತ್ತಿತ್ತು.

ಆ ಲಿನಕ್ಸಿನಲ್ಲೇ ಅವರು ಸಂಘದ ಮಕ್ಕಳಿಗಾಗಿ ಒಂದು ಯಕ್ಷಗಾನ ಪ್ರಸಂಗ ಬರೆಯುತ್ತಿದ್ದರು. ಕಡಲರಾಜ ಗಂಗೆಯನ್ನು ಕರೆದುಕೊಳ್ಳಲು ಬರುವ ಕತೆ. ಆಗ ಲಿನಕ್ಸಿನಲ್ಲಿ ಕನ್ನಡ ಎಂದರೆ ಒತ್ತಕ್ಷರಗಳು ಅಕ್ಷರದ ಕೆಳಗಿನಿಂದ ಜಾರಿ ಪಕ್ಕಕ್ಕೆ ಬಂದು ಕೂರುತ್ತಿದ್ದವು. ಗಣಪಯ್ಯನವರು ಅವನ್ನೂ ಹಟ ಹಿಡಿದು ಸಾಲಿಗೆ ತಂದರು. ಹೀಗೆ ವರ್ಷಗಟ್ಟಲೆ ಬರೆದು, ದುರ್ಗಾಪೂಜೆಗೆ ಮುಂಚಿನ ಸೆಕೆಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ "ಮಂಗಳ ಒಂದು ಬಾಕಿ" ಎಂದು ಹೆಂಡತಿಗೆ ಹೇಳಿದರಂತೆ. ಮಂಗಳವೆಂದರೆ ಆಟದ ಕೊನೆಗೆ ಹಾಡುವ ಪದ್ಯ. ಅದನ್ನು ಹಾಡದೆ ಆಟ ನಿಲ್ಲಿಸುವುದು ಕರಾವಳಿಯವರಿಗೆ ದೀಪ ಆರಿಸಿ ಎದ್ದುಹೋದ ಹಾಗೆ. ಮರುದಿನ ಊಟದ ಹೊತ್ತಿಗಿಂತ ಮೊದಲೇ ಗಣಪಯ್ಯನವರು ಬಾಲ್ಕನಿಯ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು.

ಕರ್ಮದ ದಿನ ದಕ್ಷಿಣೇಶ್ವರದ ಹತ್ತಿರದ ಒಂದು ಘಾಟಿನಲ್ಲಿ, ಮುಂಬಯಿಯಿಂದ ಬಂದಿದ್ದ ಅವರ ತಮ್ಮ ಬಾಳೆ ಎಲೆಯ ಮೇಲೆ ಅನ್ನವಿಟ್ಟು ಹಿಂದೆ ಸರಿದರು. ಕಾಗೆ ಬರಲಿಲ್ಲ. ಕೊಲ್ಕತ್ತಾದಲ್ಲಿ ಕಾಗೆಗೆ ಬರವೆಂದರೆ ಯಾರೂ ನಂಬಲಾರರು, ಆದರೆ ಆ ದಿನ ಮೆಟ್ಟಿಲು, ತಂತಿ, ಮರ ಎಲ್ಲ ಬರಿದಾಗಿತ್ತು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಇದ್ದವರು ಅದನ್ನು ಊಹಿಸಿ, ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ತಮ್ಮ ಏನೇನೋ ಹರಕೆ ಹೇಳಿದರು. ಹೊಳೆ ಸುಮ್ಮನೆ ಹರಿಯುತ್ತಿತ್ತು. ಆಗ ಹಿಂದೆ ನಿಂತಿದ್ದ ವಾರಿಜಕ್ಕ ಮುಂದೆ ಬಂದು, "ಪ್ರಸಂಗ ಆಡಿಸ್ತೇನೆ. ಮಂಗಳದವರೆಗೂ ಆಡಿಸ್ತೇನೆ" ಎಂದರು. ಒಂದೇ ಒಂದು ಕಾಗೆ ಇಳಿದು ಅನ್ನ ಮುಟ್ಟಿ, ತಿನ್ನದೆ, ನೀರಿನ ಮೇಲೆ ಹಾರಿ ಹೋಯಿತು. ನಾವೆಲ್ಲ ಅಷ್ಟು ಹೊತ್ತಿಗೆ ದೂರ ಸರಿದಿದ್ದೆವು, ಅದಕ್ಕೇ ಬಂತು ಎಂದು ನಾನು ನನಗೇ ಹೇಳಿಕೊಂಡೆ.

ಮಾತೇನೋ ಕೊಟ್ಟಾಯಿತು, ಮಂಗಳ ಎಲ್ಲಿದೆ? ವಾರಿಜಕ್ಕನನ್ನು ಆ ಚಳಿಗಾಲವಿಡೀ ತಿಂದದ್ದು ಈ ಪ್ರಶ್ನೆ. ಬೇರೆ ಯಾರಿಂದಲಾದರೂ ಬರೆಸಬಹುದಲ್ಲ ಎಂದು ಸಂಘದವರು ಹೇಳಿ ನೋಡಿದರು. "ಬೇರೆಯವರು ಬರೆದ್ರೆ ಅದು ಅವರ ಮಂಗಳ. ಇವರದ್ದು ಮುಗಿದ ಹಾಗೆ ಆಗುದಿಲ್ಲ" ಎಂದರು. ನಮ್ಮಲ್ಲಿ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ "ಇವರು" ಎನ್ನುತ್ತಾರಲ್ಲ. ಗಣಪಯ್ಯನವರು ಹೋದ ಮೇಲೂ ವಾರಿಜಕ್ಕ ಅದನ್ನು ಬದಲಿಸಲಿಲ್ಲ. ಅವರ ಜೊತೆ ಮಾತಾಡುವಾಗ ಪಕ್ಕದ ಕುರ್ಚಿಯ ಕಡೆ ನೋಡಬಾರದೆಂದು ನಾನು ಎಚ್ಚರ ವಹಿಸುತ್ತಿದ್ದೆ. ಕೊನೆಗೆ ಯುಗಾದಿಗೆ ಆಟ ಎಂದು ಸಂಘದಲ್ಲಿ ತೀರ್ಮಾನವಾದಾಗ ನನಗೆ ಫೋನು ಬಂತು. "ಒಂದು ವೇಳೆ ಇವರು ಬರೆದಿದ್ರೆ ಆ ಕಂಪ್ಯೂಟರಿನಲ್ಲೇ ಉಂಟು. ಬಂದು ನೋಡ್ತೀಯಾ?"

ಶನಿವಾರ ಮಧ್ಯಾಹ್ನ ಹೋದೆ. ಕಂಪ್ಯೂಟರಿನ ಮೇಲೆ ಹೂವಿನ ಬಟ್ಟೆ ಹೊದೆಸಿತ್ತು, ಪ್ಲಗ್ಗು ಗೋಡೆಯಿಂದ ಕಿತ್ತು ಕೆಳಗೆ ಬಿದ್ದಿತ್ತು. ಕರಾವಳಿಯವರಿಗೆ ಸಿಡಿಲಿನ ಭಯ. ಆಕಾಶ ಸ್ವಲ್ಪ ಕಪ್ಪಾದರೂ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುತ್ತಾರೆ. ವಾರಿಜಕ್ಕ ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಕೀಳುವುದನ್ನು ಬಿಟ್ಟಿರಲಿಲ್ಲ. ಪ್ಲಗ್ಗು ಹಾಕಿ ಗುಂಡಿ ಒತ್ತಿದೆ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿ, ಒಂದು ಸಾಲಿನಲ್ಲಿ ಥಟ್ಟನೆ ನಿಂತವು.

"ಎಂಥ ಹೇಳ್ತದೆ ಅದು?"

ಹೆಲ್ಪ್‌ಡೆಸ್ಕಿನವಳಿಗೆ ಓದಿ ಹೇಳುವುದು ಚಟ. ಹೇಳಿಬಿಟ್ಟೆ. "ಇದರಾಗ ಕೊನೇ ಬರಹ ಆಗಿದ್ದು ಭವಿಷ್ಯದಾಗ ಅದ ಅಂತ ಅಕ್ಕಾ. ಹಿಂಗಾಗೋ ಹಂಗಿಲ್ಲ, ನೀವ ಕೈಯಿಂದ ತಪಾಸು ಮಾಡ್ರಿ ಅಂತದ."

ವಾರಿಜಕ್ಕ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು. "ಅಂದ್ರೆ ಇವರು ಬರೀಲಿಕ್ಕೆ ಇನ್ನೂ ಉಂಟು ಅಂತಲಾ?"

ತಕ್ಷಣ ಮೆಷಿನ್ನಿನ ಪಕ್ಕೆ ಬಿಚ್ಚಿ ಸೆಲ್ಲು ತೋರಿಸಿದೆ. ಹೆದರಿಕೆಯಾದಾಗ ಸ್ಕ್ರೂಡ್ರೈವರ್ ಹಿಡಿಯುವುದು ನನ್ನ ಪದ್ಧತಿ. ತಿಂಗಳುಗಟ್ಟಲೆ ಪ್ಲಗ್ಗಿಲ್ಲದೆ ಸೆಲ್ಲು ಸತ್ತಿದೆ. ಗಡಿಯಾರ ತಾನು ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಹಿಂತಿರುಗಿದೆ. ಅಲ್ಲಿ ನಿಂತು ನೋಡಿದರೆ ಗಣಪಯ್ಯನವರು ಬರೆದದ್ದೆಲ್ಲ ಮುಂದಿನ ವರ್ಷಗಳದ್ದಾಗಿ ಕಾಣುತ್ತದೆ, ಅದಕ್ಕೇ ಮೆಷಿನ್ನು ಗಾಬರಿಯಾಗಿದೆ. ಇಷ್ಟೇ ವಿಷಯ ಎಂದು ವಿವರಿಸಿದೆ. ವಾರಿಜಕ್ಕ ಗಮನವಿಟ್ಟು ಕೇಳಿದರು. ಕೆಳಗಿನ ಮಾರ್ಕೆಟ್ಟಿನ ಗಡಿಯಾರದಂಗಡಿಗೆ ಹೋಗಿ ಹೊಸ ಸೆಲ್ಲು ತಂದು ಹಾಕಿ, ತಾರೀಕು ಸರಿಮಾಡಿ, ತಪಾಸಣೆ ನಡೆಸಿದೆ. ಈ ಸಲ ಮೆಷಿನ್ನು ತಕರಾರಿಲ್ಲದೆ ಎದ್ದು, ತೆರೆಯ ತುಂಬ ಗಣಪಯ್ಯನವರು ಹಾಕಿಟ್ಟಿದ್ದ ಮರವಂತೆಯ ಕಡಲಿನ ಚಿತ್ರ ಬಂತು.

ಪ್ರಸಂಗ ಅಲ್ಲೇ ಇತ್ತು. ಕೊನೆಯ ಪುಟಕ್ಕೆ ಹೋದೆ. ಮಂಗಳವೂ ಇತ್ತು.

ನಾಲ್ಕೇ ಸಾಲು. ಹೊಳೆ ಕಡಲಾದ ಮೇಲೆ ಹೊಳೆಯ ಹೆಸರನ್ನು ಕಡಲೇ ಹೇಳಿಕೊಂಡು ತಿರುಗುತ್ತದೆ ಎಂಬ ಅರ್ಥದ್ದು. ವಾರಿಜಕ್ಕ ತುಟಿ ಆಡಿಸಿಕೊಂಡು ಎರಡು ಸಲ ಓದಿದರು. "ಇವರದ್ದೇ" ಎಂದರು. ಕಣ್ಣೊರೆಸಿಕೊಂಡರು. ಅಲ್ಲಿಗೆ ನಾನು ಸುಮ್ಮನೆ ಮನೆಗೆ ಹೋಗಬಹುದಿತ್ತು. "ಯಾವಾಗ ಬರೆದದ್ದು ಅಂತ ಗೊತ್ತಾಗ್ತದಾ?" ಎಂದು ಅವರು ಕೇಳಿದರು. ಗೊತ್ತಾಗದೆ ಏನು ಅಕ್ಕಾ ಎಂದು ಜಂಬದಿಂದ ಫೈಲಿನ ವಿವರ ತೆರೆದೆ.

ತಾರೀಕು ಅವರು ಹೋದ ದಿನದ್ದು. ಹೊತ್ತು ಸಂಜೆ ನಾಲ್ಕೂವರೆ.

ಪಕ್ಕದ ಫ್ಲ್ಯಾಟುಗಳಲ್ಲಿ ಆಗಲೇ ಮುಸ್ಸಂಜೆಯ ಶಂಖ ಊದತೊಡಗಿದ್ದರು. ಒಂದು ಮನೆಯಲ್ಲಿ ನಿಂತರೆ ಇನ್ನೊಂದು ಮನೆಯಲ್ಲಿ ಶುರುವಾಗುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಆವತ್ತು ಮಾತ್ರ ಅದು ನಿಲ್ಲಬಾರದೇ ಎನ್ನಿಸಿತು. ವಾರಿಜಕ್ಕ ತೆರೆಗೆ ಮುಖ ಹತ್ತಿರ ತಂದು ಅಂಕಿ ಓದಿಕೊಂಡರು. "ಆ ಹೊತ್ತಿಗೆ ಇವರನ್ನು ಕರ್ಕೊಂಡು ಹೋಗಿ ಆಗಿತ್ತು" ಎಂದರು. ದನಿಯಲ್ಲಿ ಹೆದರಿಕೆಯಿರಲಿಲ್ಲ. ನಾನು ಮಾತ್ರ ಆ ಅಂಕಿಯನ್ನೇ ಮತ್ತೆ ಮತ್ತೆ ಓದುತ್ತಿದ್ದೆ.

ಅಷ್ಟರಲ್ಲಿ ಹೊಳೆಯಿತು. ಎಷ್ಟು ಸಮಾಧಾನವಾಯಿತೆಂದರೆ ಕುರ್ಚಿಯಿಂದ ಎದ್ದೇ ನಿಂತೆ. ಒಂದು ಮೆಷಿನ್ನಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಅವು ಒಂದೇ ಗಡಿಯಾರ ಹಂಚಿಕೊಂಡ ಇಬ್ಬರು ಬಾಡಿಗೆದಾರರ ಹಾಗೆ. ವಿಂಡೋಸ್ ಎಂಬವನು ಅದನ್ನು ಇದ್ದ ಹಾಗೇ ಓದುತ್ತಾನೆ. ಲಿನಕ್ಸ್ ಎಂಬವನು, ಇದು ಲಂಡನ್ನಿನ ಹೊತ್ತು, ನಮ್ಮ ದೇಶದ್ದು ಬೇಕಾದರೆ ಐದೂವರೆ ಗಂಟೆ ಕೂಡಬೇಕು ಎಂದುಕೊಳ್ಳುತ್ತಾನೆ. ನಮ್ಮನೆಯಲ್ಲಿ ಹತ್ತು ನಿಮಿಷ ಕಳೆಯುತ್ತಿದ್ದೆವು, ಇಲ್ಲಿ ಇವನು ಐದೂವರೆ ಗಂಟೆ ಕೂಡುತ್ತಾನೆ. ಅಪ್ಪನ ಗಡಿಯಾರದ ಕತೆಯನ್ನೂ ಸೇರಿಸಿ ಹೇಳಿದೆ. ನಾನು ಮಾತಾಡುತ್ತಿದ್ದ ಕನ್ನಡ ಅರ್ಧ ಧಾರವಾಡದ್ದು, ಅರ್ಧ ಇಂಗ್ಲಿಷು, ನಡುನಡುವೆ ಬಂಗಾಳಿ. ಒಟ್ಟಿನಲ್ಲಿ ಗಣಪಯ್ಯನವರು ಮಂಗಳ ಬರೆದದ್ದು ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಬದುಕಿದ್ದಾಗಲೇ ಎಂದು ಸಾಧಿಸಿ ಕೂತೆ.

"ಬೆಳಿಗ್ಗೆ ಹನ್ನೊಂದಕ್ಕಾ?"

"ಹೌದಕ್ಕಾ."

ವಾರಿಜಕ್ಕ ಸೆರಗಿನ ಅಂಚು ಮಡಿಸಿದರು. "ಆ ದಿನ ಬೆಳಿಗ್ಗೆಯಿಂದ ಕರೆಂಟೇ ಇರ್ಲಿಲ್ಲ ಮಾರಾಯ್ತಿ. ರಾತ್ರಿಯೇ ಹೋದದ್ದು. ಸೆಕೆ ಅಂತ ಇವರು ಬಾಲ್ಕನಿಯಲ್ಲಿ ಪೇಪರಿನಿಂದ ಗಾಳಿ ಹಾಕಿಕೊಂಡು ಕೂತಿದ್ರು. ಏಳ್ಲೇ ಇಲ್ಲ."

"ಯುಪಿಎಸ್ ಇತ್ತಲ್ಲ ಅಕ್ಕಾ" ಎಂದೆ. ಕರೆಂಟು ಹೋದಾಗ ಸ್ವಲ್ಪ ಹೊತ್ತು ಮೆಷಿನ್ನು ನಡೆಸುವ ಆ ಡಬ್ಬಿ ಮೇಜಿನ ಕೆಳಗೆ ನನ್ನ ಕಾಲಿಗೇ ತಾಗುತ್ತಿತ್ತು.

"ಅದು ಬೇಸಿಗೆಯಲ್ಲೇ ಹಾಳಾಗಿತ್ತು. ನೋಡು, ಇವರು ಅದರ ಮೇಲೆ ಚಪ್ಪಲಿ ಇಟ್ಕೊಳ್ತಿದ್ರು." ನೋಡಿದೆ. ಚಪ್ಪಲಿ ಇನ್ನೂ ಅಲ್ಲೇ ಇತ್ತು. "ಕರೆಂಟು ಬಂದದ್ದು ಇವರನ್ನು ಕೆಳಗೆ ಇಳಿಸಿ ಗಾಡಿ ಹೊರಟ ಮೇಲೆ. ಬ್ಲಾಕಿನವರೆಲ್ಲ ಹೋ ಅಂತ ಕೂಗಿದ್ರು. ನನಗೆ ಸಿಟ್ಟು ಬಂತು. ಅವರಿಗೆಂಥ ಗೊತ್ತು, ಪಾಪ. ಮರುದಿನ ಪ್ಲಗ್ಗು ತೆಗೀಲಿಕ್ಕೆ ಈ ಕೋಣೆಗೆ ಬಂದೆ. ಇದು ಆನ್ ಆಗಿಯೇ ಇತ್ತು."

ಕರೆಂಟು ಹೋಗುವಾಗ ಆನ್ ಇದ್ದ ಮೆಷಿನ್ನು ಕರೆಂಟು ಬಂದಾಗ ತಾನೇ ಏಳುವುದುಂಟು. ಅದಕ್ಕೊಂದು ಸೆಟ್ಟಿಂಗ್ ಇದೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಎದ್ದ ಮೆಷಿನ್ನು ಮಂಗಳ ಬರೆಯುವ ಸೆಟ್ಟಿಂಗ್ ಯಾವುದೂ ನನಗೆ ಗೊತ್ತಿರಲಿಲ್ಲ.

ಒಂದು ಕೆಲಸ ಮಾಡಬಹುದಿತ್ತು. ಹಳೆಯ ಫೈಲುಗಳನ್ನು ನೋಡಬಹುದಿತ್ತು. ಅವೂ ಐದೂವರೆ ಗಂಟೆ ಮುಂದಿದ್ದರೆ ನನ್ನ ಲೆಕ್ಕ ಸರಿ, ಮುಂದಿಲ್ಲದಿದ್ದರೆ ಆ ನಾಲ್ಕೂವರೆ ನಿಜವಾದ ನಾಲ್ಕೂವರೆ. ಗಡಿಯಾರವನ್ನಂತೂ ಬಂದ ಕೂಡಲೇ ನಾನೇ ಸರಿಮಾಡಿಬಿಟ್ಟಿದ್ದೆ, ಅದನ್ನಿನ್ನು ಕೇಳುವ ಹಾಗಿರಲಿಲ್ಲ. ಫೈಲುಗಳು ಮಾತ್ರ ಅಲ್ಲೇ ಇದ್ದವು, ಸಾಲಾಗಿ. ಎಲ್ಲಿ ಏನು ಕೆಟ್ಟಿದೆ ಎಂದು ಕೊನೆಯವರೆಗೂ ಬೆನ್ನು ಹತ್ತಿ ಹೋಗುವುದೇ ನನ್ನ ಹೊಟ್ಟೆಪಾಡು. ವಾರಿಜಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಅವರೂ ಕೇಳಲಿಲ್ಲ. ಈಗಲೂ ಕೆಲವು ಸಲ ಕೆಲಸದ ನಡುವೆ ಆ ಸಾಲು ಫೈಲುಗಳು ನೆನಪಾಗುತ್ತವೆ.

ಯುಗಾದಿಗೆ ಆಟವಾಯಿತು. ಕಡಲರಾಜನ ಕಿರೀಟ ಅವನಿಗಿಂತ ದೊಡ್ಡದಾಗಿ ಎರಡು ಸಲ ಮೂಗಿನ ಮೇಲೆ ಇಳಿಯಿತು. ಗಂಗೆಯ ಪಾತ್ರದ ಹುಡುಗಿ ಕನ್ನಡದ ಮಾತು ಮರೆತು ಹಿಂದಿಯಲ್ಲಿ ಮುಗಿಸಿದಳು. ಮಂಗಳಕ್ಕೆ ಎಲ್ಲರೂ ಎದ್ದು ನಿಂತೆವು. ವಾರಿಜಕ್ಕ ಮುಂದಿನ ಸಾಲಿನಲ್ಲಿ ಕೈ ಮುಗಿದುಕೊಂಡು ನಿಂತಿದ್ದರು. ಅವರ ಪಕ್ಕದ ಒಂದು ಕುರ್ಚಿಯಲ್ಲಿ, ಯಾರೂ ಹೇಳದಿದ್ದರೂ, ಯಾರೂ ಕೂತಿರಲಿಲ್ಲ.

ಸೆಲ್ಲಿನ ಮಾತು ಉಳಿಯಿತು. ಆ ಶನಿವಾರ, ಪ್ರಸಂಗವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ನಾನು ಹೊರಟು ನಿಂತಾಗ ವಾರಿಜಕ್ಕ, "ಆ ಹಳೇ ಸೆಲ್ಲು ಎಲ್ಲಿ?" ಎಂದರು. ಮೇಜಿನ ಮೇಲಿತ್ತು, ತೋರಿಸಿದೆ.

"ಅದನ್ನೇ ಹಾಕಿ ಹೋಗು."

"ಅದು ಸತ್ತದ ಅಕ್ಕಾ. ಹಾಕಿದ್ರ ನೀವು ಪ್ಲಗ್ಗು ತಗದಾಗೊಮ್ಮೆ ಮಷೀನು ಹಳೇ ವರ್ಷಕ್ಕ ಹೋಗಿ ಕೂಡ್ತದ. ಮತ್ತ ಅದೇ ತಕರಾರು ಬರ್ತದ."

"ಗೊತ್ತುಂಟು, ಆಗಲೇ ಹೇಳಿದಿಯಲ್ಲ. ಆ ವರ್ಷದಲ್ಲಿ ಇವರು ಇದ್ದಾರಲ್ವಾ?"

ಮತ್ತೆ ಪಕ್ಕೆ ಬಿಚ್ಚಿದೆ. ಹೊಸ ಸೆಲ್ಲು ತೆಗೆದು ಸತ್ತದ್ದನ್ನು ಕೂರಿಸಿದೆ. ಹೊಸದು ನನ್ನ ಚೀಲ ಸೇರಿತು. ಹೊಲಿಗೆಯ ಡಬ್ಬಿಯಲ್ಲಿ ಇರುವುದು ಅದೇ. ತಕರಾರು ಬಂದು ನಿಂತಾಗ ಯಾವ ಎರಡು ಕೀ ಒತ್ತಿದರೆ ಮೆಷಿನ್ನು ಮುಂದೆ ಹೋಗುತ್ತದೆ ಎಂದು ಕಲಿಸಿದೆ. ಅಭ್ಯಾಸಕ್ಕೆ ಒಮ್ಮೆ ಅವರಿಂದಲೇ ಮಾಡಿಸಿದೆ. ಅವರು ಪ್ಲಗ್ಗು ಹಾಕಿ ಗುಂಡಿ ಒತ್ತಿದರು. ಹೊರಗೆ ಶಂಖಗಳೆಲ್ಲ ನಿಂತು ಕತ್ತಲಾಗಿತ್ತು. ಬಿಳಿ ಅಕ್ಷರಗಳು ಓಡಿ ಬಂದು ಅದೇ ಸಾಲಿನಲ್ಲಿ ನಿಂತವು. ಕೊನೆಯ 'ಬರಹ' ಇನ್ನೂ ಮುಂದಿದೆ ಎಂದವು.

ವಾರಿಜಕ್ಕ ಕೀ ಒತ್ತಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಆಯ್ತು" ಎಂದರು, ತೆರೆಗೆ. "ನಿಧಾನಕ್ಕೆ ಬರೀರಿ."